ನೂರಿಪ್ಪತ್ತರ ಗೆರೆ

ಮಗಳಿಗೆ ಏಳು ವಾರ ತುಂಬುವ ಹೊತ್ತಿಗೆ ನನಗೆ ಅವಳ ಮುಖಕ್ಕಿಂತ ಬಾಟಲಿಯ ಮೇಲಿನ ಗೆರೆಗಳೇ ಹೆಚ್ಚು ಪರಿಚಯವಾಗಿದ್ದವು. 30, 60, 90, 120. ಹಾಲಿನ ಪುಡಿಯ ಡಬ್ಬಿಯ ಹಿಂದಿನ ಪಟ್ಟಿಯಲ್ಲಿ ಅವಳ ವಯಸ್ಸಿನ ಎದುರು 120 ಮಿಲಿ ಎಂದು ಅಚ್ಚಾಗಿತ್ತು. ಅವಳೋ 50ಕ್ಕೆ ಮುಖ ತಿರುಗಿಸುತ್ತಿದ್ದಳು. 60ಕ್ಕೆ ಬೆನ್ನನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿಸಿ ಚೀರುತ್ತಿದ್ದಳು. ಉಳಿದ 60 ಮಿಲಿಗಾಗಿ ಒಂದೂವರೆ ಗಂಟೆ ಗುದ್ದಾಡಿ, ಕಡೆಗೆ ಅವಳೂ ಅತ್ತು ನಾನೂ ಅತ್ತು ಮುಗಿಯುವಷ್ಟರಲ್ಲಿ ಮುಂದಿನ ಹಾಲಿನ ಹೊತ್ತು ಬಂದಿರುತ್ತಿತ್ತು.

ಬಾಣಂತನಕ್ಕೆ ಧಾರವಾಡದ ಸಪ್ತಾಪುರದ ತವರುಮನೆಗೆ ಬಂದಿದ್ದೆ. ಶ್ರಾವಣದ ಜಿಟಿಜಿಟಿ ಮಳೆ. ಒಣಗದ ದುಪಟಿ, ಕೂಸಿಗೆ ಕಟ್ಟುವ ದುಂಡಿಗಳನ್ನೆಲ್ಲ ಅವ್ವ ಇಸ್ತ್ರಿಪೆಟ್ಟಿಗೆಯಿಂದ ಒಣಗಿಸುತ್ತಿದ್ದಳು. ಓಣಿ ತುಂಬ ಕೋಚಿಂಗ್ ಸೆಂಟರ್‌ಗೆ ಹೋಗುವ ಹುಡುಗರು. ನಮ್ಮ ಮನೆಯಲ್ಲೂ ಅಂಥವನೊಬ್ಬನಿದ್ದ, ನನ್ನ ತಮ್ಮ. ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದ ಅವನಿಗೆ ಕೂಸಿನ ಅಳುವಿನಿಂದಾಗಿ ಆ ತಿಂಗಳು ಒಂದು ಅಧ್ಯಾಯವೂ ಸರಿಯಾಗಿ ಮುಗಿಯಲಿಲ್ಲ.

ಬಾಟಲಿ ಯಾಕೆ ಎಂದು ಎಲ್ಲರೂ ಕೇಳುತ್ತಾರೆ, ಹೇಳಿಬಿಡುತ್ತೇನೆ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ, ಎರಡು ಬಾಟಲಿ ರಕ್ತ ಏರಿಸಿದ್ದರು. ಹಾಗಾದಾಗ ಕೆಲವು ತಾಯಂದಿರಿಗೆ ಎದೆಹಾಲು ತಡವಾಗಿ, ಕಡಿಮೆಯಾಗಿ ಬರುತ್ತದೆ. ಎಷ್ಟೇ ಹಾಲೂಡಿಸಿದರೂ ಕೂಸಿಗೆ ನನ್ನ ಹಾಲು ಸಾಲದಾಯಿತು. ಕೂಸಿನ ತೂಕ ಇಳಿಯುತ್ತಿದ್ದಂತೆ ಡಾಕ್ಟರೇ ಚೀಟಿಯಲ್ಲಿ ಪುಡಿ ಬರೆದುಕೊಟ್ಟರು. ಮೊದಲು ಎದೆ, ಆಮೇಲೆ ಬಾಟಲಿ. ಮೊದಮೊದಲು ಸುಗಮವಾಗಿಯೇ ಇತ್ತು.

ನಮ್ಮ ದೇಶದಲ್ಲಿ ಎಳೆಮಕ್ಕಳ ಹಾಲಿನ ಪುಡಿಗೂ ಬಾಟಲಿಗೂ ಜಾಹೀರಾತು ಕೊಡುವಂತಿಲ್ಲ. 1992ರಲ್ಲೇ ಕಾಯ್ದೆ ಬಂತು, 2003ರಲ್ಲಿ ತಿದ್ದುಪಡಿಯಾಗಿ ಇನ್ನಷ್ಟು ಬಿಗಿಯಾಯಿತು. ಡಬ್ಬಿಯ ಮೇಲೆಯೇ ತಾಯಿಹಾಲು ಮೇಲು ಎಂದು ಅಚ್ಚು ಹಾಕಬೇಕು. ಕಾಯ್ದೆ ಸರಿಯಾಗಿಯೇ ಇದೆ. ಮೊದಲ ಆರು ತಿಂಗಳು ಎದೆಹಾಲೊಂದೇ ಸಾಕು ಎನ್ನುವುದೂ ನಿಜ. ಆದರೆ ಬಾಟಲಿ ಹಿಡಿಯಲೇಬೇಕಾಗಿ ಬಂದ ನನ್ನಂಥವಳಿಗೆ ಅದನ್ನು ಹೇಗೆ ಹಿಡಿಯಬೇಕೆಂದು ಯಾರೂ ಕೂರಿಸಿ ಹೇಳಲಿಲ್ಲ. ನೋಡಲು ಬಂದವರ ಮುಂದೆ ಬಾಟಲಿಯನ್ನು ಸೆರಗಿನಡಿ ಮುಚ್ಚಿಟ್ಟದ್ದೂ ಉಂಟು. ಮುಚ್ಚಿಟ್ಟ ವಿಷಯದ ಬಗ್ಗೆ ಕೇಳುವುದಾದರೂ ಹೇಗೆ?

ಕೇಳದಿದ್ದರೂ ಸಲಹೆಗೇನೂ ಕೊರತೆಯಿರಲಿಲ್ಲ. ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಒಬ್ಬರು ಗ್ರೈಪ್ ವಾಟರ್ ತಂದರು, ಇನ್ನೊಬ್ಬರು ಬಜೆ ತೇಯ್ದು ನೆಕ್ಕಿಸಿ ಎಂದರು. ಪುಡಿ ಭಾರವಾಗುತ್ತದೆ, ಅರ್ಧ ಚಮಚ ಕಡಿಮೆ ಹಾಕು ಎಂದರು ಪಕ್ಕದ ಮನೆಯವರು. ದೃಷ್ಟಿ ತೆಗೆದರೆ ಯಾರಿಗೂ ಕೇಡಿಲ್ಲ. ಕೊನೆಯ ಸಲಹೆಯಂತೂ ಅಪಾಯದ್ದು. ಡಬ್ಬಿಯಲ್ಲಿ ಹೇಳಿದ ಅಳತೆಗಿಂತ ನೀರಾದರೆ ಕೂಸಿಗೆ ಪೋಷಣೆ ಸಾಲದು, ಗಟ್ಟಿಯಾದರೆ ಮೂತ್ರಪಿಂಡಕ್ಕೆ ಹೊರೆ. ಅದೃಷ್ಟಕ್ಕೆ ನಾನು ಅದನ್ನು ಕೇಳಲಿಲ್ಲ.

ಕೇಳಿದ್ದು ಸೂಜಿಯ ಮಾತನ್ನು. ‘ನಿಪ್ಪಲ್ ತೂತು ಸಣ್ಣದೈತಿ, ಕೂಸಿಗೆ ಜಗ್ಗಿ ಜಗ್ಗಿ ಸಾಕಾಗತೈತಿ’ ಎಂದು ದೂರದ ಚಿಕ್ಕಮ್ಮ ಗ್ಯಾಸಿನ ಉರಿಯಲ್ಲಿ ಸೂಜಿ ಕಾಯಿಸಿ ರಬ್ಬರಿಗೆ ಚುಚ್ಚಿದಳು. ಆ ರಾತ್ರಿ ಮೊದಲ ಗುಟುಕಿಗೇ ಮಗಳಿಗೆ ನೆತ್ತಿಗೇರಿತು. ಕೆಮ್ಮಿದಳು, ಮೂಗಿನಿಂದ ಹಾಲು ಬಂತು, ಕಣ್ಣು ಮೇಲೆ ಮಾಡಿದಳು. ಮರುದಿನದಿಂದ ಬಾಟಲಿ ಕಂಡರೆ ಸಾಕು ಅಳು. ಬಾಟಲಿಯೂ ಬೇಡ, ಕೊರಳಿಗೆ ಬಟ್ಟೆ ಕಟ್ಟಿದರೇ ಅಳು. ನಿದ್ದೆಗಣ್ಣಿನಲ್ಲಿ ಮಾತ್ರ ಒಂದಿಷ್ಟು ಕುಡಿಯುತ್ತಿದ್ದಳು. ಹಾಗಾಗಿ ನಾನು ಅವಳು ಮಲಗುವುದನ್ನೇ ಕಾಯುತ್ತಿದ್ದೆ, ಕಳ್ಳಿಯ ಹಾಗೆ.

ಮಕ್ಕಳ ಡಾಕ್ಟರ ಬಳಿ ಹೋದಾಗ ಅವರು ಔಷಧಿ ಬರೆಯಲಿಲ್ಲ. ತೂಕ ಹಾಕಿದರು, 3.7 ಕಿಲೋ. ಬಾಯಿ ತೆರೆಸಿ ಬ್ಯಾಟರಿ ಬಿಟ್ಟು ನಾಲಗೆ, ಕೆನ್ನೆಯ ಒಳಭಾಗ ನೋಡಿದರು. ಅಲ್ಲಿ ಒರೆಸಿದರೂ ಹೋಗದ ಬಿಳಿ ಪದರವಿದ್ದರೆ ಅದು ಹಾಲಿನ ಕಲೆಯಲ್ಲ, ಶಿಲೀಂಧ್ರದ ಸೋಂಕು. ಆಗ ಚೀಪುವಾಗ ಉರಿಯಬಹುದು. ನಾಲಗೆಯಡಿಯ ಪೊರೆ ಬಿಗಿಯಾಗಿದೆಯೇ ಎಂದು ಬೆರಳಿಟ್ಟು ನೋಡಿದರು. ಕಿವಿ ನೋಡಿದರು, ಮೂಗು ನೋಡಿದರು. ಎಳೆಗೂಸುಗಳು ಉಸಿರಾಡುವುದು ಮುಖ್ಯವಾಗಿ ಮೂಗಿನಿಂದಲೇ. ಮೂಗು ಕಟ್ಟಿದ್ದರೆ ನಿಪ್ಪಲ್ ಬಾಯಿಗೆ ಬಂದ ಕೂಡಲೇ ಉಸಿರು ಸಿಕ್ಕಿಕೊಂಡು ಬಿಡಿಸಿಕೊಳ್ಳುತ್ತವೆ. ಮಲದಲ್ಲಿ ರಕ್ತ, ಲೋಳೆ ಇದೆಯೇ ಎಂದು ಕೇಳಿದರು. ಇದ್ದರೆ ಹಸುವಿನ ಹಾಲಿನ ಪ್ರೋಟೀನು ಒಗ್ಗುತ್ತಿಲ್ಲವೇನೋ ಎಂದು ನೋಡಬೇಕಾಗುತ್ತದಂತೆ. ಇದಾವುದೂ ಇರಲಿಲ್ಲ.

‘ಇಲ್ಲೇ ಕುಡಸ್ರಿ, ನೋಡೋಣು’ ಎಂದರು.

ಕುಡಿಸಿದೆ. ಅಂದರೆ ಮನೆಯಲ್ಲಿ ಮಾಡುವುದನ್ನೇ ಮಾಡಿದೆ. ತೊಡೆಯ ಮೇಲೆ ಅಡ್ಡ ಮಲಗಿಸಿ, ತಲೆ ಹಿಡಿದು, ಬಾಟಲಿ ನೆಟ್ಟಗೆ ಮಾಡಿ ಬಾಯಿಗಿಟ್ಟೆ. ಅವಳು ಕೊಸರಿದಾಗ ನಿಪ್ಪಲ್ಲಿನಿಂದ ಹಿಂಬಾಲಿಸಿದೆ. ಅವರು ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು ತಲೆಕೆಳಗು ಹಿಡಿದರು. ಹಾಲು ಹನಿಯಾಗಿ ಬೀಳಬೇಕಾದದ್ದು ದಾರವಾಗಿ ಇಳಿಯಿತು. ಚಿಕ್ಕಮ್ಮನ ಸೂಜಿ! ನಿಪ್ಪಲ್ಲನ್ನು ಕಸದ ಬುಟ್ಟಿಗೆ ಹಾಕಿ, ಅತಿ ನಿಧಾನ ಹರಿವಿನದನ್ನು ತರಿಸಿದರು. ಮೆಡಿಕಲ್ ಶಾಪಿನಲ್ಲಿ ನಿಪ್ಪಲ್ಲಿಗೂ ಅಳತೆ ಇರುತ್ತದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ತೀರ ನಿಧಾನವಾದರೂ ಕಷ್ಟವೇ, ಕೂಸು ಜಗ್ಗಿ ಜಗ್ಗಿ ಸಿಟ್ಟಿಗೇಳುತ್ತದೆ. ಗುಟುಕಿನ ನಡುವೆ ಉಸಿರಿಗೆ ಸಮಯ ಸಿಗುತ್ತಿದ್ದರೆ ಹರಿವು ಸರಿಯಿದೆ ಎಂದರ್ಥ.

ಆಮೇಲೆ ಕೂರುವ ರೀತಿ ತೋರಿಸಿದರು. ಮಗುವನ್ನು ಹೆಚ್ಚುಕಡಿಮೆ ಕೂತ ಭಂಗಿಯಲ್ಲಿ ಎತ್ತಿ ಹಿಡಿದು, ಕುತ್ತಿಗೆಗೆ ಆಧಾರ ಕೊಡಬೇಕು, ತಲೆಯನ್ನು ಒತ್ತಿ ಹಿಡಿಯಬಾರದು. ಬಾಟಲಿ ನೆಲಕ್ಕೆ ಸಮನಾಗಿ ಅಡ್ಡಡ್ಡ ಇರಬೇಕು, ನಿಪ್ಪಲ್ಲಿನ ತುದಿಯಲ್ಲಿ ಹಾಲು ನಿಂತಿದ್ದರೆ ಸಾಕು. ನಿಪ್ಪಲ್ಲನ್ನು ತುರುಕದೆ ತುಟಿಗೆ ತಾಗಿಸಿ, ಮಗುವೇ ಬಾಯ್ದೆರೆದು ಒಳಗೆಳೆದುಕೊಳ್ಳುವವರೆಗೆ ಕಾಯಬೇಕು. ಒಂದಿಷ್ಟು ಗುಟುಕಾದ ಮೇಲೆ ಬಾಟಲಿಯ ಹಿಂಬದಿಯನ್ನು ಸ್ವಲ್ಪ ತಗ್ಗಿಸಿ ಬಿಡುವು ಕೊಡಬೇಕು. ಕೈಬೆರಳು ಅರಳಿಸಿದರೆ, ಹುಬ್ಬು ಗಂಟಿಕ್ಕಿದರೆ, ಬಾಯಂಚಿನಿಂದ ಹಾಲು ಸುರಿದರೆ ಅದು ‘ತಡಿ’ ಎಂದ ಹಾಗೆ. ಮುಖ ತಿರುಗಿಸಿದರೆ, ತುಟಿ ಬಿಗಿದರೆ ‘ಸಾಕು’ ಎಂದ ಹಾಗೆ. ನಾನು ಇದೆಲ್ಲವನ್ನೂ ಹಟ ಎಂದುಕೊಂಡಿದ್ದೆ.

ಕೊನೆಗೆ ಡಾಕ್ಟರು ಲೆಕ್ಕ ಹಾಕಿದರು. ಈ ವಯಸ್ಸಿನಲ್ಲಿ ಒಂದು ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 150 ಮಿಲಿ. 3.7 ಕಿಲೋಗೆ 555. ನಾವು ದಿನಕ್ಕೆ ಎಂಟು ಸಲ ಕೊಡುತ್ತಿದ್ದೆವು, ಅಂದರೆ ಒಂದು ಸಲಕ್ಕೆ 70 ಮಿಲಿಯೂ ಇಲ್ಲ. ಅದರಲ್ಲಿ ನನ್ನ ಎದೆಹಾಲೂ ಸೇರಿತು! ಡಬ್ಬಿಯ ಪಟ್ಟಿ ದಿನಕ್ಕೆ ಐದಾರು ಸಲದ ಲೆಕ್ಕದ್ದು, ಅದೂ ವಯಸ್ಸು ನೋಡಿ ಬರೆದದ್ದು, ನನ್ನ ಮಗಳ ತೂಕ ನೋಡಿಯಲ್ಲ. ಹೊಟ್ಟೆ ತುಂಬಿದ ಕೂಸಿಗೆ ಮತ್ತರ್ಧ ಹೊಟ್ಟೆಯಷ್ಟು ತುರುಕಲು ನಾನು ದಿನಕ್ಕೆ ಎಂಟು ಸಲ ಕುಸ್ತಿ ಹಿಡಿಯುತ್ತಿದ್ದೆ. ಅವಳು ಚೀರದೆ ಇನ್ನೇನು ಮಾಡಬೇಕಿತ್ತು?

ಕುಡಿದ ಹಾಲನ್ನು ಅವಳು ಕಕ್ಕುತ್ತಿದ್ದುದಕ್ಕೂ ಇದು ಒಂದು ಕಾರಣ ಎಂದರು. ಜೊತೆಗೆ ಎಳೆಮಕ್ಕಳಲ್ಲಿ ಅನ್ನನಾಳದ ಕೆಳಗಿನ ಬಿಗಿ ಇನ್ನೂ ಬಲಿತಿರುವುದಿಲ್ಲ. ಕುಡಿದದ್ದು ಸ್ವಲ್ಪ ಮೇಲೆ ಬರುತ್ತದೆ, ವರ್ಷದೊಳಗೆ ಬಹುತೇಕ ಮಕ್ಕಳಲ್ಲಿ ತಾನಾಗಿ ನಿಲ್ಲುತ್ತದೆ. ಕುಡಿಸಿದ ಮೇಲೆ ಇಪ್ಪತ್ತು ಮೂವತ್ತು ನಿಮಿಷ ಹೆಗಲ ಮೇಲೆ ನೆಟ್ಟಗೆ ಹಾಕಿಕೊಂಡರೆ ನೆರವಾಗುತ್ತದೆ. ಪುಡಿ ಕಲಸುವಾಗ ಬಾಟಲಿಯನ್ನು ಜೋರಾಗಿ ಕುಲುಕಿ ನೊರೆ ಬರಿಸುತ್ತಿದ್ದ ನನಗೆ, ನೊರೆ ಇಳಿಯುವವರೆಗೆ ಕಾಯಿರಿ, ಇಲ್ಲವಾದರೆ ಅದೂ ಗಾಳಿಯೇ ಎಂದರು. ಹಾಲಿನ ಪುಡಿಯಲ್ಲಿ ರೋಗಾಣು ಇರಬಹುದಾದ್ದರಿಂದ ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗಿಳಿಯುವ ಮುನ್ನವೇ ಪುಡಿ ಬೆರೆಸಿ, ಆಮೇಲೆ ಉಗುರುಬೆಚ್ಚಗೆ ಆರಿಸಬೇಕು. ಬಾಯಿಟ್ಟು ಬಿಟ್ಟ ಹಾಲನ್ನು ಒಂದು ಗಂಟೆಯೊಳಗೆ ಚೆಲ್ಲಬೇಕು. ನಾನು ಅದೇ ಬಾಟಲಿಯನ್ನು ಒಂದೂವರೆ ಗಂಟೆ ಹಿಡಿದಿರುತ್ತಿದ್ದೆ.

ಗೊತ್ತಾಯಿತು, ಆದರೆ ಕೈ ಕೇಳಬೇಕಲ್ಲ. ಮನೆಗೆ ಬಂದ ಮೇಲೂ ಕಣ್ಣು ಗೆರೆಯ ಮೇಲೇ. 40ಕ್ಕೆ ಮುಖ ತಿರುಗಿಸಿದರೆ ಎದೆ ಧಸಕ್ ಎನ್ನುತ್ತಿತ್ತು. ‘ಇನ್ನೊಂದು ಗುಟುಕು, ಇನ್ನೊಂದೇ’ ಎಂದು ಬಾಯಿಗೆ ಒತ್ತುತ್ತಿದ್ದೆ. ಮೂಲೆಯಲ್ಲಿ ಕೂತ ನನ್ನ ಅಜ್ಜಿ, ನಾವು ಆಯಿ ಎನ್ನುವವಳು, ‘ಕೂಸು ಒಲ್ಲೆ ಅನ್ನಾಕತ್ತೈತಿ, ಬಿಡಬೇ’ ಎಂದರೆ ಅವಳ ಮೇಲೆ ಹರಿಹಾಯುತ್ತಿದ್ದೆ.

ಬದಲಾದದ್ದು ಒಂದು ಮಧ್ಯಾಹ್ನ. ಸ್ನಾನ ಮುಗಿಸಿ, ಲೋಬಾನದ ಹೊಗೆ ಹಾಕಿಸಿಕೊಂಡು ನಾನು ಎಚ್ಚರ ತಪ್ಪಿದವಳ ಹಾಗೆ ನಿದ್ದೆ ಹೋಗಿದ್ದೆ. ಎದ್ದಾಗ ಮನೆ ಸದ್ದಿಲ್ಲ. ಗಾಬರಿಯಿಂದ ಹೊರಗೆ ಬಂದರೆ ಪಡಸಾಲೆಯಲ್ಲಿ ತಮ್ಮ ಎಡತೋಳಿನಲ್ಲಿ ಕೂಸನ್ನು ಆನಿಸಿಕೊಂಡು, ಬಲಗೈಯಲ್ಲಿ ಸಂವಿಧಾನದ ನೋಟ್ಸು ಹಿಡಿದು ಮೆಲ್ಲಗೆ ಓದುತ್ತಿದ್ದ. ಕೂಸು ನಿದ್ದೆಯಲ್ಲಿತ್ತು.

‘ಹಾಲ?’ ಎಂದೆ.

‘ಕುಡದ್ಲು.’

‘ಎಷ್ಟ ಕುಡದ್ಲು?’

‘ನಾ ಎಲ್ಲಿ ನೋಡ್ಲಿ ಅಕ್ಕಾ? ಸಾಕು ಅಂದ್ಲು, ಬಿಟ್ಟೆ.’

ಅವನಿಗೆ 120 ಎಂಬ ಸಂಖ್ಯೆಯೇ ಗೊತ್ತಿರಲಿಲ್ಲ. ಡಾಕ್ಟರು ಅಷ್ಟು ಹೊತ್ತು ಹೇಳಿದ್ದನ್ನು ಅವನು ಏನೂ ಕೇಳದೆ ಮಾಡಿದ್ದ. ನಾನು ಬಾಟಲಿ ನೋಡಿದೆ, 75 ಖಾಲಿಯಾಗಿತ್ತು. ಆ ಸಂಜೆಯೇ ಅವ್ವ ಬಾಟಲಿಗೆ ಒಂದು ಹಳೆಯ ಕಾಲುಚೀಲ ತೊಡಿಸಿದಳು, ಗೆರೆ ಕಾಣದ ಹಾಗೆ. ಲೆಕ್ಕವನ್ನು ಅವಳೇ ಇಟ್ಟಳು, ದಿನದ ಕೊನೆಗೊಮ್ಮೆ, ನನಗೆ ಹೇಳದೆ. ನನಗೆ ಬಿಟ್ಟದ್ದು ದುಂಡಿಯ ಲೆಕ್ಕ ಮಾತ್ರ. ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಒದ್ದೆಯಾದರೆ ಹಾಲು ಸಾಲುತ್ತಿದೆ ಎಂದು ಡಾಕ್ಟರು ಹೇಳಿದ್ದರು.

ಆಮೇಲೂ ನಾಲ್ಕೈದು ದಿನ ಅವಳು ಹಗಲು ಬಾಟಲಿ ಬೇಡವೆಂದಾಗ ಆಯಿ ಟ್ರಂಕಿನಿಂದ ಬೆಳ್ಳಿಯ ಒಳಲೆ ತೆಗೆದಳು. ನಾನೂ ನನ್ನವ್ವನೂ ಕುಡಿದ ಒಳಲೆ. ಎಳೆಗೂಸಿಗೆ ಹೊರಗಿನ ಹಾಲು ಕೊಡಲೇಬೇಕಾದರೆ ಬಾಟಲಿಗಿಂತ ಬಟ್ಟಲು, ಚಮಚ, ಒಳಲೆ ಮೇಲು ಎಂದೇ ವೈದ್ಯರೂ ಹೇಳುತ್ತಾರೆ, ತೊಳೆಯುವುದು ಸುಲಭ, ಸಂದಿಗೊಂದಿಯಲ್ಲಿ ಹಾಲು ಕೊಳೆಯುವುದಿಲ್ಲ. ಹಾಗೆಂದು ಹಳೆಯದೆಲ್ಲ ಸರಿ ಎನ್ನಲಾರೆ. ಕಾಲು ಚಾಚಿ ಕೂಸನ್ನು ಅಂಗಾತ ಹಾಕಿಕೊಂಡು, ಬಾಯಿಗೆ ಸುರಿಯುವುದು ಆಯಿಯ ಪದ್ಧತಿ. ಹಾಗೆ ಸುರಿದ ಹಾಲು ಶ್ವಾಸಕೋಶಕ್ಕೂ ಹೋದೀತು. ನೆಟ್ಟಗೆ ಹಿಡಿದು ಒಳಲೆಯ ಮೂತಿಯನ್ನು ಕೆಳದುಟಿಗೆ ಆನಿಸಿದರೆ ಕೂಸೇ ನಾಲಗೆ ಚಾಚಿ ಹೀರುತ್ತದೆ. ಎಂಬತ್ತು ದಾಟಿದ ಆಯಿ ಇದನ್ನು ಎರಡೇ ದಿನದಲ್ಲಿ ಕಲಿತಳು, ನಾನು ಬಾಟಲಿ ಕಲಿತದ್ದಕ್ಕಿಂತ ಬೇಗ.

ಇದೆಲ್ಲದರ ನಡುವಿನ ಒಂದು ರಾತ್ರಿಯನ್ನು ಬಿಟ್ಟರೆ ಬರಹ ಸುಳ್ಳಾಗುತ್ತದೆ. ಮೂರು ಗಂಟೆ. ಅವಳು ಚೀರುತ್ತಿದ್ದಳು, ನನ್ನ ಕೈ ನಡುಗುತ್ತಿತ್ತು, ಅವಳನ್ನು ಹಿಡಿದು ಅಲುಗಾಡಿಸಿಬಿಡುತ್ತೇನೇನೋ ಅನ್ನಿಸಿತು. ತೊಟ್ಟಿಲಲ್ಲಿ ಮಲಗಿಸಿ ಹಿತ್ತಿಲಿಗೆ ಹೋಗಿ ಮಳೆಯಲ್ಲಿ ನಿಂತೆ. ಇದನ್ನು ಡಾಕ್ಟರಿಗೆ ಹೇಳಲು ನಾಚಿಕೆಯಾಗಿತ್ತು, ಆದರೂ ಹೇಳಿದೆ. ಅವರು ‘ಛಲೋ ಮಾಡಿದ್ರಿ’ ಎಂದರು. ಕೈ ಸೋತಾಗ ಕೂಸನ್ನು ಸುರಕ್ಷಿತವಾಗಿ ಮಲಗಿಸಿ ಐದು ನಿಮಿಷ ಆಚೆ ಹೋಗುವುದೇ ಸರಿ. ಎಳೆಗೂಸನ್ನು ಅಲುಗಾಡಿಸಿದರೆ ಮಿದುಳಿಗೆ ಪೆಟ್ಟಾಗುತ್ತದೆ. ಆರು ವಾರದ ಸುತ್ತಮುತ್ತ ಬಹುತೇಕ ಮಕ್ಕಳ ಅಳು ಏರುತ್ತದೆ, ಅದರಲ್ಲೂ ಸಂಜೆ ಹೊತ್ತು. ಮೂರು ತಿಂಗಳ ಹೊತ್ತಿಗೆ ಇಳಿಯುತ್ತದೆ. ತಾಯಿಯ ದುಃಖ ಎರಡು ವಾರ ದಾಟಿದರೂ ಇಳಿಯದಿದ್ದರೆ ಅದಕ್ಕೂ ಚಿಕಿತ್ಸೆಯಿದೆ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಕೆಲವು ಸಂಗತಿಗಳಿಗೆ ಮಾತ್ರ ತಾಳ್ಮೆ ಸಲ್ಲದು. ಮೂರು ತಿಂಗಳೊಳಗಿನ ಕೂಸಿಗೆ ಜ್ವರ, ಹಸಿರು ವಾಂತಿ, ಪ್ರತಿ ಸಲವೂ ಚಿಮ್ಮಿ ದೂರ ಬೀಳುವ ವಾಂತಿ, ಮಲದಲ್ಲಿ ರಕ್ತ, ಕುಡಿಯುವಾಗ ಏದುಸಿರು ಅಥವಾ ತುಟಿ ನೀಲಿಯಾಗುವುದು, ಒಣಗಿದ ದುಂಡಿ, ಒಳಗೆ ಕುಸಿದ ನೆತ್ತಿ, ಎಬ್ಬಿಸಿದರೂ ಏಳದ ಮಂಪರು. ಆಗ ನಿಪ್ಪಲ್ಲು, ಒಳಲೆ ಎಂದು ಕೂರದೆ ಆಸ್ಪತ್ರೆಗೆ ಓಡಬೇಕು.

ಕಾಲುಚೀಲ ತೊಡಿಸಿದ ಹತ್ತನೆಯ ದಿನ ತೂಕ ಹಾಕಿಸಿದೆವು. 240 ಗ್ರಾಂ ಏರಿತ್ತು. ಮೂರನೆಯ ವಾರದಲ್ಲಿ ಬಾಟಲಿ ಕಂಡು ಮಗಳು ತಾನೇ ಬಾಯ್ದೆರೆದಳು. ಈಗವಳಿಗೆ ಹನ್ನೊಂದು ತಿಂಗಳು, ರಾಗಿಗಂಜಿಯ ಬಟ್ಟಲಿಗೆ ತಾನೇ ಕೈ ಹಾಕುತ್ತಾಳೆ. ಗೆರೆಯ ಬಾಟಲಿಯಲ್ಲಿ ತಮ್ಮ ಪೆನ್ನು ಇಟ್ಟುಕೊಂಡಿದ್ದಾನೆ.

ನಿಮ್ಮ ಮನೆಯಲ್ಲೂ ಬಾಟಲಿ ಕಂಡು ಅಳುವ ಕೂಸಿದ್ದರೆ, ತಾಯಿ ಕಾರ್ಡು ಹಿಡಿದು ಹತ್ತಿರದ ಅಂಗನವಾಡಿಗೆ ಹೋಗಿ ಮೊದಲು ತೂಕ ಹಾಕಿಸಿ, ಆ ಅಂಕಿ ಬರೆಸಿಕೊಂಡು ಡಾಕ್ಟರ ಬಳಿ ಹೋಗಿ. ಹೋಗುವಾಗ ಬಾಟಲಿಯನ್ನೂ ನಿಪ್ಪಲ್ಲನ್ನೂ ಮರೆಯದೆ ಒಯ್ಯಿರಿ.