ಬಾಗೂರಿನ ರೈತನ ಡೇಟು, ಸಿರಿಗೆರೆಯ ಸೋಮವಾರ: ಒಂದು ಧರ್ಮಸಮುದಾಯದ ಜಮಾ-ಖರ್ಚು

ಸಿವಿಲ್ ಕೇಸಿಗಾಗಿ ಒಂದು ದಿನ ಕೋರ್ಟಿಗೆ ಹೋಗಿ ಬರುವುದಕ್ಕೆ ತಗಲುವ ಬೆಲೆ ಸರಾಸರಿ 1,341 ರೂಪಾಯಿ. ಬೆಂಗಳೂರಿನ ‘ದಕ್ಷ್’ ಸಂಸ್ಥೆ 24 ರಾಜ್ಯಗಳ 9,329 ಕಕ್ಷಿದಾರರನ್ನು ಮಾತನಾಡಿಸಿ 2016ರಲ್ಲಿ ಹೊರತಂದ ಸಮೀಕ್ಷೆಯ ಲೆಕ್ಕವಿದು. ಇದರಲ್ಲಿ 497 ರೂಪಾಯಿ ಕೈಯಿಂದ ಹೋಗುವ ಖರ್ಚು, 844 ರೂಪಾಯಿ ಅಂದಿನ ದುಡಿಮೆಯ ನಷ್ಟ.

ಈ ಲೆಕ್ಕವನ್ನು ಹೊಸದುರ್ಗ ತಾಲ್ಲೂಕಿನ ಬಾಗೂರಿಗೆ ತಂದು ನೋಡೋಣ. ಅಣ್ಣತಮ್ಮಂದಿರಿಬ್ಬರ ನಡುವೆ ಜಮೀನಿನ ಪಾಲಿನ ತಕರಾರು ಕೋರ್ಟು ಹತ್ತಿತೆಂದುಕೊಳ್ಳಿ. ವರ್ಷಕ್ಕೆ ಆರು ಡೇಟಿನಂತೆ ಹತ್ತು ವರ್ಷ ನಡೆದರೆ 60 ಡೇಟು ಆಯಿತು. ಒಬ್ಬನ ಪಾಲಿಗೆ 80,460 ರೂಪಾಯಿ, ಇಬ್ಬರದೂ ಸೇರಿ 1,60,920. ಇದು 2016ರ ದರ. ಬರೀ ಕೂಲಿಯ ಲೆಕ್ಕ ಹಾಕಿದರೂ, 2025-26ಕ್ಕೆ ಕರ್ನಾಟಕದಲ್ಲಿ ನಿಗದಿಯಾದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ. 60 ದಿನಕ್ಕೆ 22,200. ಬಿತ್ತನೆಯ ಹದ ತಪ್ಪಿದ್ದಕ್ಕೆ, ಹಬ್ಬಕ್ಕೆ ಒಬ್ಬರ ಮನೆಗೊಬ್ಬರು ಹೋಗದೆ ಉಳಿದದ್ದಕ್ಕೆ ಯಾವ ಸಮೀಕ್ಷೆಯೂ ಬೆಲೆ ಕಟ್ಟಿಲ್ಲ.

ಇದೇ ಚಿತ್ರದುರ್ಗ ಜಿಲ್ಲೆಯಲ್ಲಿ ಇದಕ್ಕೊಂದು ಬೇರೆ ದಾರಿಯಿದೆ. ಅದನ್ನು ತೆರೆದದ್ದು ಸರ್ಕಾರವಲ್ಲ, ಒಂದು ಧರ್ಮಸಮುದಾಯ.

ಸೋಮವಾರದ ನ್ಯಾಯಪೀಠ

ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆಯಲ್ಲಿ ತರಳಬಾಳು ಜಗದ್ಗುರು ಬೃಹನ್ಮಠವಿದೆ. 12ನೇ ಶತಮಾನದ ಶರಣ ಮರುಳಸಿದ್ಧರಿಂದ ತನ್ನ ಪರಂಪರೆಯನ್ನು ಗುರುತಿಸಿಕೊಳ್ಳುವ ಈ ಮಠದ ಶಿಷ್ಯರಲ್ಲಿ ಸಾದರ ಲಿಂಗಾಯತರೇ ಹೆಚ್ಚು. ಪ್ರತಿ ಸೋಮವಾರ ಇಲ್ಲಿ ಸದ್ಧರ್ಮ ನ್ಯಾಯಪೀಠ ನಡೆಯುತ್ತದೆ. ಈ ನ್ಯಾಯಕಟ್ಟೆಗೆ ಬರಲು ಜಾತಿಯ ಕಟ್ಟುಪಾಡಿಲ್ಲ. ಬೇರೆ ಜಾತಿಯವರು, ಬೇರೆ ಧರ್ಮದವರೂ ಬರುತ್ತಾರೆ. ಪಹಣಿ, ಪಾಲುಪಟ್ಟಿ, ಹಳೆಯ ಕ್ರಯಪತ್ರ, ಸಾಲದ ಚೀಟಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಬರುವ ಜನ ಅವರು. ಬದುವಿನ ಒತ್ತುವರಿ, ಹೊಲಕ್ಕೆ ಹೋಗುವ ದಾರಿ, ಗಂಡ ಹೆಂಡಿರ ಮುನಿಸು, ಮುದಿ ತಂದೆತಾಯಿಯನ್ನು ನೋಡಿಕೊಳ್ಳದ ಮಕ್ಕಳು: ಇಂಥವೇ ಹೆಚ್ಚು. ವಾದಿ, ಪ್ರತಿವಾದಿ ಇಬ್ಬರೂ ತಮ್ಮ ಮಾತನ್ನು ತಾವೇ ಆಡುತ್ತಾರೆ.

ಈ ಪೀಠಕ್ಕೆ ಪೊಲೀಸರ ಬಲವಿಲ್ಲ, ಜಪ್ತಿಯ ಅಧಿಕಾರವಿಲ್ಲ. ಇಬ್ಬರೂ ಒಪ್ಪಿದರೆ ಮಾತ್ರ ತೀರ್ಮಾನ ನಿಲ್ಲುತ್ತದೆ. ಹತ್ತು ಊರಿನವರ ಎದುರು ಕೊಟ್ಟ ಮಾತಿಗೆ ತಪ್ಪಿದರೆ ಮುಖ ತೋರಿಸುವುದು ಕಷ್ಟವೆಂಬ ಮರ್ಯಾದೆಯೇ ಇಲ್ಲಿ ಅಮೀನ.

ಎರಡು ಎಚ್ಚರಿಕೆಗಳನ್ನು ಮಾತ್ರ ಮರೆಯುವಂತಿಲ್ಲ. ಜಮೀನು ಭಾಗವಾದರೆ ವಿಭಾಗ ಪತ್ರವನ್ನು 1908ರ ನೋಂದಣಿ ಕಾಯ್ದೆಯಂತೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಇಲ್ಲದಿದ್ದರೆ ಮುಂದಿನ ತಲೆಮಾರು ಅದೇ ಜಗಳವನ್ನು ಮತ್ತೆ ಎತ್ತುತ್ತದೆ. ಇನ್ನೊಂದು, ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಬಂದ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಅಣ್ಣತಮ್ಮಂದಿರು ರಾಜಿಯಾದರೆಂದು ಅಕ್ಕತಂಗಿಯರ ಪಾಲು ಕರಗಬಾರದು. ಸಮಾನತೆಯನ್ನು ಸಾರಿದ ಶರಣರ ಹೆಸರಿನಲ್ಲಿ ಕೂರುವ ಯಾವ ಪೀಠಕ್ಕೂ ಇದು ಮೊದಲ ಪರೀಕ್ಷೆ.

39 ವರ್ಷ ಆಳಿ, ಇಳಿದವರು

ಈ ಸಮುದಾಯದ ಇಂದಿನ ರೂಪಕ್ಕೆ ಅಡಿಪಾಯ ಹಾಕಿದವರು 20ನೇ ಪೀಠಾಧಿಪತಿ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿ. ಹುಟ್ಟಿದ್ದು 1914ರಲ್ಲಿ, 1940ರಲ್ಲಿ ಪೀಠಕ್ಕೆ ಬಂದರು. 1979ರಲ್ಲಿ, ಬದುಕಿರುವಾಗಲೇ, ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿಯವರಿಗೆ ಅಧಿಕಾರ ಬಿಟ್ಟುಕೊಟ್ಟರು. ಲಿಂಗೈಕ್ಯರಾದದ್ದು 1992ರ ಸೆಪ್ಟೆಂಬರ್ 24ರಂದು. ಅಂದರೆ 39 ವರ್ಷ ಪೀಠದಲ್ಲಿದ್ದು, ಆಮೇಲೆ 13 ವರ್ಷ ಪೀಠದ ಹೊರಗಿದ್ದರು. ಕೊನೆಯುಸಿರಿನವರೆಗೆ ಕುರ್ಚಿ ಬಿಡದಿರುವುದೇ ವಾಡಿಕೆಯಾಗಿರುವ ನಾಡಿನಲ್ಲಿ ಆ 13 ವರ್ಷಗಳ ತೂಕ ದೊಡ್ಡದು.

ಅವರ ಕಾಲದಲ್ಲೇ, 1950ರಲ್ಲಿ, ಜಗಳೂರಿನಲ್ಲಿ ತರಳಬಾಳು ಹುಣ್ಣಿಮೆ ಮಹೋತ್ಸವ ಶುರುವಾಯಿತು. ಒಂಬತ್ತು ದಿನಗಳ ಈ ಹಬ್ಬ ಒಂದೇ ಊರಿಗೆ ಅಂಟಿಕೊಂಡಿಲ್ಲ. 2020ರಲ್ಲಿ ಹಳೇಬೀಡು, 2023ರಲ್ಲಿ ಕೊಟ್ಟೂರು, 2025ರಲ್ಲಿ ಭರಮಸಾಗರ. ಭಕ್ತರು ಮಠಕ್ಕೆ ಹೋಗುವುದರ ಬದಲು ಮಠವೇ ಊರಿಂದೂರಿಗೆ ಹೋಗುವ ಏರ್ಪಾಡು ಇದು. ಖರ್ಚು ಹೊರುವುದು, ಪೆಂಡಾಲು ಹಾಕುವುದು, ದಾಸೋಹಕ್ಕೆ ದವಸ ಕೂಡಿಸುವುದು ಎಲ್ಲದರಲ್ಲೂ ಸುತ್ತಮುತ್ತಲ ಹಳ್ಳಿಗಳ ಕೈಯಿರುತ್ತದೆ.

122 ಕೆರೆ

ಬಯಲುಸೀಮೆಯ ಈ ಭಾಗದಲ್ಲಿ ವರ್ಷದ ಮಳೆ ಸುಮಾರು 600 ಮಿಲಿಮೀಟರ್. ಅದೂ ನೆಚ್ಚಿಕೊಳ್ಳುವಂಥದ್ದಲ್ಲ. ಧರ್ಮದ ಮಾತು ಇಲ್ಲಿ ಕೊಳವೆಬಾವಿಯ ಆಳಕ್ಕೆ ಇಳಿಯದೆ ವಿಧಿಯಿಲ್ಲ. ತುಂಗಭದ್ರೆಯಿಂದ ನೀರೆತ್ತಿ ಕೆರೆ ತುಂಬಿಸುವ ಏತ ನೀರಾವರಿ ಯೋಜನೆಗಳಿಗೆ ಸಿರಿಗೆರೆ ಮಠ ರೈತರೊಂದಿಗೆ ನಿಂತು ಸರ್ಕಾರದ ಬೆನ್ನು ಬಿದ್ದಿತು. ಯೋಜನೆ ಸರ್ಕಾರದ್ದು, ಹಣ ಜನರ ತೆರಿಗೆಯದು. ಮಠ ಮಾಡಿದ್ದು ಬಿಡದೆ ಕೇಳುವ ಕೆಲಸ.

- ದಾವಣಗೆರೆ ಸೀಮೆ: 22 ಕೆರೆ
- ಜಗಳೂರು ಸೀಮೆ: 57 ಕೆರೆ
- ಭರಮಸಾಗರ ಸೀಮೆ: 43 ಕೆರೆ
- ಒಟ್ಟು: 122 ಕೆರೆ

ಕೆರೆಗೆ ನೀರು ಬಂದರೆ ಅಂತರ್ಜಲ ಏರುತ್ತದೆ; ಬತ್ತಿದ ಬೋರಿನ ಪಕ್ಕದಲ್ಲಿ ಇನ್ನೊಂದು ಕೊರೆಸುವ ಸಾಲ ತಪ್ಪುತ್ತದೆ. ಅಡಿಕೆ, ತೆಂಗಿನ ತೋಟಕ್ಕೆ ಟ್ಯಾಂಕರಿನಲ್ಲಿ ನೀರು ಹೊಡೆಸಿದವರಿಗೆ ಈ ಉಳಿತಾಯದ ಬೆಲೆಯನ್ನು ಯಾರೂ ವಿವರಿಸಬೇಕಾಗಿಲ್ಲ.

ಸಾಣೇಹಳ್ಳಿಯ ಮೂರು ನಾಟಕ

ಬಾಗೂರಿನವರ ತಾಲ್ಲೂಕಿನಲ್ಲೇ ಇರುವ ಸಾಣೇಹಳ್ಳಿ ಈ ಪರಂಪರೆಯ ಶಾಖಾ ಮಠ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ ಇಲ್ಲಿ ಉಪದೇಶಕ್ಕಿಂತ ರಂಗಭೂಮಿಯನ್ನು ಹೆಚ್ಚು ನಂಬಿದರು. 1987ರಲ್ಲಿ ಶಿವಕುಮಾರ ಕಲಾಸಂಘ, 1997ರಲ್ಲಿ ‘ಶಿವಸಂಚಾರ’ ತಿರುಗಾಟ, 2008ರಲ್ಲಿ ರಂಗಶಾಲೆ. ಶಿವಸಂಚಾರದ ತಂಡ ವರ್ಷಕ್ಕೆ ಸಾಮಾನ್ಯವಾಗಿ ಮೂರು ನಾಟಕ ಕಟ್ಟಿಕೊಂಡು ನಾಡು ಸುತ್ತುತ್ತದೆ. ಕೊರೊನಾದಂಥ ಅಡ್ಡಿಗಳನ್ನು ಕಳೆದು 25 ತಿರುಗಾಟವೆಂದೇ ಹಿಡಿದರೂ 75 ನಾಟಕವಾಯಿತು. ವೇಷದ ಪೆಟ್ಟಿಗೆ, ಬೆಳಕಿನ ಸಾಮಾನು, ನಟರೆಲ್ಲ ಒಂದೇ ವಾಹನದಲ್ಲಿ ಬಂದಿಳಿದು, ಸಂಜೆಯೊಳಗೆ ರಂಗ ಕಟ್ಟಿ, ರಾತ್ರಿ ಆಟ ಮುಗಿಸಿ ಬಿಚ್ಚಿ ಮುಂದಿನ ಊರಿಗೆ ಹೊರಡುತ್ತಾರೆ.

2019ರ ಆಗಸ್ಟ್ 1ರಿಂದ 30ರವರೆಗೆ ಸಾಣೇಹಳ್ಳಿಯವರ ‘ಮತ್ತೆ ಕಲ್ಯಾಣ’ ಅಭಿಯಾನ ದಿನಕ್ಕೊಂದು ಜಿಲ್ಲೆಯಂತೆ ನಡೆಯಿತು. ಹಗಲು ವಿದ್ಯಾರ್ಥಿಗಳೊಂದಿಗೆ ಸಂವಾದ, ಸಂಜೆ ಸಾಮರಸ್ಯ ನಡಿಗೆ ಮತ್ತು ಸಭೆ, ಕೊನೆಗೆ ನಾಟಕ. ಸ್ವಾಮೀಜಿಯನ್ನು ಮಕ್ಕಳು ಎದ್ದು ನಿಂತು ಪ್ರಶ್ನೆ ಕೇಳಬಹುದೆಂಬುದೇ ಅಲ್ಲಿನ ದೊಡ್ಡ ಪಾಠ.

4 ಲಕ್ಷ ಜನರ ಇನ್ನೊಂದು ಸಮುದಾಯ

ಹೊರಗಿನ ಒಂದು ಸಮುದಾಯವನ್ನು ಪಕ್ಕದಲ್ಲಿಟ್ಟು ನೋಡಿದರೆ ನಮ್ಮದರ ಶಕ್ತಿ, ಕೊರತೆ ಎರಡೂ ತಿಳಿಯುತ್ತವೆ. 1650ರ ದಶಕದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಸುತ್ತ ಕೂಡಿದ ಕ್ವೇಕರರೆಂಬ ಕ್ರೈಸ್ತ ಸಮುದಾಯದವರು ಇಂದು ಲೋಕದಲ್ಲೆಲ್ಲ ಸೇರಿ ಸುಮಾರು 4 ಲಕ್ಷ. ಭಾರತಕ್ಕೆ 1866ರಲ್ಲಿ ರೇಚಲ್ ಮೆಟ್‌ಕಾಫ್ ಬಂದರು. ನರ್ಮದೆಯ ದಡದ ಹೋಶಂಗಾಬಾದ್ ಅವರ ಕೆಲಸದ ನೆಲೆಯಾಯಿತು. ಕ್ವೇಕರರ ಹಳೆಯ ರೂಢಿಯ ಪ್ರಾರ್ಥನೆಯಲ್ಲಿ ಪಾದ್ರಿಯಿಲ್ಲ. ಎಲ್ಲರೂ ಮೌನವಾಗಿ ಕೂರುತ್ತಾರೆ, ಮಾತು ಬಂದವರು, ಹೆಂಗಸಾಗಲಿ ಗಂಡಸಾಗಲಿ, ಎದ್ದು ಮಾತಾಡುತ್ತಾರೆ. ಅಂಗಡಿಯಲ್ಲಿ ಚೌಕಾಸಿಯಿಲ್ಲದ ಒಂದೇ ದರ ಇಟ್ಟವರು ಅವರು. ತಮ್ಮತಮ್ಮೊಳಗಿನ ವ್ಯಾಜ್ಯವನ್ನು ಕೋರ್ಟಿಗೆ ಒಯ್ಯದೆ ಸಭೆಯಲ್ಲೇ ಬಗೆಹರಿಸಿಕೊಂಡವರು. 1947ರ ನೊಬೆಲ್ ಶಾಂತಿ ಪುರಸ್ಕಾರ ಬ್ರಿಟನ್ ಮತ್ತು ಅಮೆರಿಕದ ಅವರ ಎರಡು ಸೇವಾ ಸಂಸ್ಥೆಗಳಿಗೆ ಸಂದಿತು.

ಸರಳತೆ, ಸತ್ಯ, ಸಮಾನತೆ, ರಾಜಿಯಲ್ಲಿ ನಂಬಿಕೆ: ಇಲ್ಲಿ ಶರಣರ ದಾರಿಯೂ ಅವರ ದಾರಿಯೂ ಹತ್ತಿರ. ಆದರೆ ಕ್ವೇಕರರು ಕೈಯೆತ್ತಿಸಿ ಮತ ಎಣಿಸುವುದಿಲ್ಲ, ಒಬ್ಬ ಗುರುವಿನ ಅಪ್ಪಣೆಗೂ ಕಾಯುವುದಿಲ್ಲ. ಸಭೆಯೆಲ್ಲ ಒಂದು ಮನಸ್ಸಾಗುವವರೆಗೆ ಕಾಯುತ್ತಾರೆ. ನಮ್ಮ ಮಠಗಳಲ್ಲಿ ಕೊನೆಯ ಮಾತು ಪೀಠದಲ್ಲಿ ಕೂತವರದು. ಅವರು ದೊಡ್ಡವರಾದರೆ ಊರಿಗೆ ಒಳಿತು. ಏರ್ಪಾಡೇ ದೊಡ್ಡದಾದರೆ ಒಳಿತು ಇನ್ನೂ ಬಾಳಿಕೆ ಬರುತ್ತದೆ.

ಜಮೆಗೆ ಏನು ಬರಬೇಕು

ಒಂದು ಧರ್ಮಸಮುದಾಯವನ್ನು ಅದರ ಗೋಪುರದ ಎತ್ತರದಿಂದ, ಅಡ್ಡಪಲ್ಲಕ್ಕಿಯ ಬೆಳ್ಳಿಯ ತೂಕದಿಂದ ಅಳೆಯುವುದನ್ನು ಬಿಡೋಣ. ತನ್ನ ಜನರಿಗೆ ಎಷ್ಟು ಡೇಟು ತಪ್ಪಿಸಿತು, ಎಷ್ಟು ಕೆರೆಗೆ ನೀರು ಕೇಳಿತು, ಎಷ್ಟು ಊರಿನ ಮಕ್ಕಳಿಗೆ ಪ್ರಶ್ನೆ ಕೇಳುವ ಧೈರ್ಯ ಕೊಟ್ಟಿತು ಎಂಬುದೇ ಅದರ ಜಮೆ. ಹಾಗಾಗಿ ರಾಜ್ಯದ ಪ್ರತಿ ಮಠ, ಚರ್ಚು, ಮಸೀದಿಯ ನ್ಯಾಯಕಟ್ಟೆಯೂ ವರ್ಷಕ್ಕೊಮ್ಮೆ ನಾಲ್ಕು ಅಂಕಿಗಳನ್ನು ಗ್ರಾಮ ಪಂಚಾಯಿತಿಯ ಬೋರ್ಡಿಗೆ ಹಾಕಲಿ: ಬಂದ ವ್ಯಾಜ್ಯ ಎಷ್ಟು, ಬಗೆಹರಿದದ್ದು ಎಷ್ಟು, ಹಿಡಿದ ದಿನ ಎಷ್ಟು, ನ್ಯಾಯ ಕೇಳಿ ಬಂದ ಹೆಣ್ಣುಮಕ್ಕಳು ಎಷ್ಟು. ಬಾಗೂರಿನ ರೈತ 1,60,920 ರೂಪಾಯಿಯ ದಾರಿ ಹಿಡಿಯುವ ಮುಂಚೆ ಆ ನಾಲ್ಕು ಅಂಕಿಗಳನ್ನು ಓದಿ ತೀರ್ಮಾನಿಸುವಂತಾಗಲಿ.