ಮುಚ್ಚಿದ ಶೆಡ್ಡಲ್ಲೂ ಬೈಕಿಗೆ ತುಕ್ಕು ಯಾಕೆ?

ಮಳೆಯ ಒಂದು ಹನಿಯೂ ಒಳಗೆ ಬಿದ್ದಿಲ್ಲ. ಆದರೂ ಮಳೆಗಾಲ ಮುಗಿಯೋಷ್ಟರಲ್ಲಿ ಮಂಗಳೂರಿನ ತಗಡಿನ ಶೆಡ್ಡಲ್ಲಿ, ಮೈಸೂರಲ್ಲಿ ತಯಾರಾದ ಹಳೇ ಯೆಜ್ದಿಯ ಕ್ರೋಮ್ ಮೇಲೆ ಕೆಂಪು ಚುಕ್ಕೆ! ನೀರು ಬಂದದ್ದು ಗಾಳಿಯಿಂದ. ರಾತ್ರಿ ತಣ್ಣಗಾದ ಕಬ್ಬಿಣಕ್ಕೆ ಬೆಳಗಿನ ಬೆಚ್ಚನೆ ತೇವದ ಗಾಳಿ ತಾಗಿದರೆ ಬೆವರಿನ ಹಾಗೆ ಹನಿ ಕಟ್ಟುತ್ತೆ. ಸಮುದ್ರದ ಉಪ್ಪೂ ಸೇರಿದರೆ ತುಕ್ಕು ಇನ್ನೂ ಬೇಗ.

ಹಾಗಾಗಿ ಮಳೆಗೆ ಮೊದಲೇ ಸಿಹಿನೀರಲ್ಲಿ ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿ. ಪ್ಲಾಸ್ಟಿಕ್ ಹೊದಿಕೆ ಖಂಡಿತ ಬೇಡ, ತೇವ ಒಳಗೇ ಉಳಿಯುತ್ತೆ. ಹಳೇ ಹತ್ತಿ ಬೆಡ್‌ಶೀಟ್ ಸಾಕು. ಚೈನಿಗೆ ಆಯಿಲ್.

ಇನ್ನು ಟ್ಯಾಂಕ್. ತುಂಬಿಸಿಟ್ಟರೆ ತುಕ್ಕಿಲ್ಲ ಅಂತ ಹಿರಿಯರು ಹೇಳ್ತಿದ್ದರು. ಆಗಿನ ಪೆಟ್ರೋಲಿಗೆ ಅದು ಸರಿ. ಈಗಿನ ಪೆಟ್ರೋಲಲ್ಲಿ 20% ಎಥನಾಲ್, ಅದು ತೇವ ಎಳೆದುಕೊಳ್ಳುತ್ತೆ. ತಿಂಗಳುಗಟ್ಟಲೆ ನಿಲ್ಲಿಸೋದಾದರೆ ಟ್ಯಾಂಕ್, ಕಾರ್ಬ್ಯುರೇಟರ್ ಎರಡನ್ನೂ ಖಾಲಿ ಮಾಡಿ, ಟ್ಯಾಂಕೊಳಗೆ ಸ್ವಲ್ಪ ಎಂಜಿನ್ ಆಯಿಲ್ ಹಾಕಿ, ಎಲ್ಲ ಕಡೆ ತಾಗುವ ಹಾಗೆ ಅಲುಗಾಡಿಸಿ.