ಎದೆಯ ಮೇಲಿನ ಬ್ಯಾಡ್ಜ್ ಹೇಳುವ ಲೆಕ್ಕ

ವಿದ್ಯಾರ್ಥಿವೇತನದ ಸಂದರ್ಶನದಲ್ಲಿ ತಾಯಿಯೊಬ್ಬರು ಕೇಳಿದರು: "ಸರ್, ಎಕ್ಸ್-ರೇ ಕೋರ್ಸ್ ಮಾಡಿದರೆ ಮಗಳ ಆರೋಗ್ಯ ಕೆಡುವುದಿಲ್ಲವೇ?"

ಭಯ ಸಹಜ. ವಿಕಿರಣ ಕಣ್ಣಿಗೆ ಕಾಣದು, ಮೈಗೆ ತಿಳಿಯದು. ಆದರೆ ಅದನ್ನು ಅಳೆಯಬಹುದು. ಸಿಬ್ಬಂದಿ ಎದೆಯ ಮಟ್ಟದಲ್ಲಿ, ಸೀಸದ ಏಪ್ರನ್ನಿನ ಒಳಗೆ, ಟಿಎಲ್‌ಡಿ ಬ್ಯಾಡ್ಜ್ ಧರಿಸುತ್ತಾರೆ. ಅದರ ಬಿಲ್ಲೆಗಳು ವಿಕಿರಣದ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. 3 ತಿಂಗಳಿಗೊಮ್ಮೆ ಪ್ರಯೋಗಾಲಯದಲ್ಲಿ ಕಾಯಿಸಿದಾಗ ಅವು ಬೆಳಕು ಸೂಸುತ್ತವೆ. ಬೆಳಕು ಹೆಚ್ಚಿದಷ್ಟೂ ತಗುಲಿದ ಡೋಸ್ ಹೆಚ್ಚು.

ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿ ಹೀಗಿದೆ: ಉದ್ಯೋಗಿಗೆ 5 ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ಮೀರಬಾರದು. ತರಬೇತಿಯ ವಿದ್ಯಾರ್ಥಿಗೆ ವರ್ಷಕ್ಕೆ 6 ಮಾತ್ರ.

ಮಕ್ಕಳೇ, ಸಮಯ ಕಡಿಮೆ ಮಾಡಿ, ದೂರ ಹೆಚ್ಚಿಸಿ, ನಡುವೆ ಸೀಸದ ತಡೆ ಇರಲಿ. ಕೊಳವೆಯಿಂದ ದೂರ ಎರಡರಷ್ಟಾದರೆ ಡೋಸ್ ಕಾಲುಭಾಗಕ್ಕೆ ಇಳಿಯುತ್ತದೆ. ಬ್ಯಾಡ್ಜ್ ಗುರಾಣಿಯಲ್ಲ, ಲೆಕ್ಕದ ಪುಸ್ತಕ. ಅದನ್ನು ಹಾಸ್ಟೆಲಿನಲ್ಲಿ ಮರೆತು ಬಂದರೆ ವರದಿಯಲ್ಲಿ ಡೋಸ್ ಇರದು, ದೇಹದಲ್ಲಿ ಇರುತ್ತದೆ. ದೇಹವೂ ಅಲ್ಲಾಹನ ಅಮಾನತ್ತೇ.

ಪೋಷಕರೇ, ಶುಲ್ಕ ಕಟ್ಟುವ ಮುನ್ನ ಕಾಲೇಜಿನಲ್ಲಿ ಒಂದು ಪ್ರಶ್ನೆ ಕೇಳಿ: ನನ್ನ ಮಗುವಿನ ಹೆಸರಿನಲ್ಲಿಯೇ ಬ್ಯಾಡ್ಜ್ ಕೊಡುತ್ತೀರಾ? ದಾನಿಗಳ ಹಣ ಸುರಕ್ಷಿತ ಕಲಿಕೆಗೆ ಸಲ್ಲಬೇಕು. ಇದನ್ನೆಲ್ಲ ಕೇಳಿದ ಆ ತಾಯಿ ಅರ್ಜಿಗೆ ಸಹಿ ಹಾಕಿದರು.